ಬಾರ್ಸಿ ಲಘು ರೈಲುಮಾರ್ಗ: ಸಂರಕ್ಷಣೆ ಮತ್ತು ಮಾದರಿ ನಿರ್ಮಾಣ

ಬಾರ್ಸಿ ಲಘು ರೈಲುಮಾರ್ಗವು ಮಿರಜ, ಪಂಢರಾಪುರ, ಕುರ್ಡುವಾಡಿ, ಬಾರ್ಸಿ ಮತ್ತು ಲಾತೂರುಗಳನ್ನು ಜೋಡಿಸಿದ್ದ ನ್ಯಾರೋಗೇಜ್ ಮಾರ್ಗ. ಹಳಿಗಳ ನಡುವಿನ ಅಂತರ 762 ಮಿ.ಮೀ., ಅಂದರೆ ಎರಡೂವರೆ ಅಡಿ. ಮಾರ್ಗವು ಮಹಾರಾಷ್ಟ್ರದಲ್ಲಿದ್ದರೂ ಅದರ ತುದಿಯಾದ ಮಿರಜ ಜಂಕ್ಷನ್ ಕಾಗವಾಡದ ನೆರೆಯಲ್ಲೇ ಇದೆ. ರಾಯಬಾಗ, ಕುಡಚಿಗಳ ಕಡೆಯಿಂದ ಪಂಢರಾಪುರಕ್ಕೆ ರೈಲಿನಲ್ಲಿ ಹೊರಟ ವಿಠ್ಠಲಭಕ್ತರು ಗಾಡಿ ಬದಲಿಸಬೇಕಾಗಿದ್ದ ಸ್ಥಳವೂ ಅದೇ.

ಇತಿಹಾಸ ಮತ್ತು ರಚನೆ

ಆಂಗ್ಲ ಎಂಜಿನಿಯರ್ ಎವರಾರ್ಡ್ ಕಾಲ್ತ್ರಾಪ್ ರೂಪಿಸಿದ ಈ ಮಾರ್ಗದ ಮೊದಲ ಭಾಗ 1897ರಲ್ಲಿ ಆರಂಭವಾಯಿತು. 1906ರಲ್ಲಿ ಪಂಢರಾಪುರವನ್ನೂ 1911ರಲ್ಲಿ ಲಾತೂರನ್ನೂ 1927ರಲ್ಲಿ ಮಿರಜವನ್ನೂ ತಲುಪಿತು. 1954ರಲ್ಲಿ ಸರಕಾರ ಇದನ್ನು ವಹಿಸಿಕೊಂಡಿತು.

ಕಾಲ್ತ್ರಾಪನ ಮುಖ್ಯ ಸೂತ್ರ ಸರಳವಾದುದು: ಎಂಜಿನ್ನಾಗಲಿ ವ್ಯಾಗನ್ನಾಗಲಿ, ಪ್ರತಿ ಅಚ್ಚಿನ ಮೇಲೆ ಬೀಳುವ ಭಾರ ಐದು ಟನ್ನು ಮೀರಬಾರದು. ಭಾರವು ಸಮನಾಗಿ ಹಂಚಿಹೋದರೆ ಗಜಕ್ಕೆ 30 ಪೌಂಡ್ ತೂಗುವ ಹಗುರ ಹಳಿಯೇ ಸಾಕಾಗುತ್ತದೆ; ಸೇತುವೆಗಳ ಖರ್ಚೂ ತಗ್ಗುತ್ತದೆ. ಇಂಗ್ಲೆಂಡಿನ ಲೀಕ್–ಮ್ಯಾನಿಫೋಲ್ಡ್ ಮಾರ್ಗದಲ್ಲಿಯೂ ಅವನು ಇದೇ ಅನುಭವವನ್ನು ಬಳಸಿದನು. ಬ್ರಿಟನ್ನಿನ ಮಾದರಿಗಾರರಿಗೆ ಬಾರ್ಸಿಯ ಹೆಸರು ಪರಿಚಿತವಾಗಿರಲು ಅದೂ ಒಂದು ಕಾರಣ.

ಗೇಜ್ ಪರಿವರ್ತನೆ

ಅಗಲ ಬೇರೆಯಾದ ಮಾರ್ಗಗಳು ಕೂಡುವಲ್ಲಿ ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗುತ್ತಿತ್ತು. 1971ರಲ್ಲಿ ಪುಣೆ–ಮಿರಜ ಮಾರ್ಗ ಬ್ರಾಡ್‌ಗೇಜ್ ಆದ ಮೇಲೆ ಮಿರಜದಲ್ಲಿ ಕೆಲವು ಕಾಲ ಮೂರು ಬಗೆಯ ಗೇಜುಗಳೂ ಇದ್ದವು. ಈ ಶತಮಾನದ ಆರಂಭದ ವರ್ಷಗಳಲ್ಲಿ ಬಾರ್ಸಿ ಮಾರ್ಗವೂ ಹಂತಹಂತವಾಗಿ ಬ್ರಾಡ್‌ಗೇಜ್ ಆಯಿತು. ಅಷ್ಟೇ ಅಗಲದ ಕಾಲ್ಕಾ–ಶಿಮ್ಲಾ ಮಾರ್ಗ 2008ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಬಯಲುಸೀಮೆಯ ದುಡಿಯುವ ರೈಲಿಗೆ ಆ ಭಾಗ್ಯವಿರಲಿಲ್ಲ. ಪರಿವರ್ತನೆಯನ್ನು ತಪ್ಪೆನ್ನಲಾಗದು, ಆದರೆ ಹಳೆಯದರ ಅಳತೆಗಳನ್ನು ದಾಖಲಿಸಿಡುವುದಕ್ಕೆ ಅದು ಅಡ್ಡಿಯಲ್ಲ.

ಮಾದರಿ ನಿರ್ಮಾಣ

ಮಾದರಿಯ ಮೊದಲ ಪ್ರಶ್ನೆ ಪ್ರಮಾಣದ್ದು. 762 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಸುಮಾರು 8.76 ಮಿ.ಮೀ. ಬರುತ್ತದೆ. ಹೀಗಾಗಿ 1:87 ಪ್ರಮಾಣದಲ್ಲಿ, ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ 9 ಮಿ.ಮೀ. ಹಳಿಯೇ ಹೆಚ್ಚುಕಡಿಮೆ ಸರಿಹೋಗುತ್ತದೆ. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ 1:76 ಪ್ರಮಾಣವನ್ನು ಆರಿಸಿದರೆ 10 ಮಿ.ಮೀ. ಬೇಕು, ಅಲ್ಲಿ 9 ಮಿ.ಮೀ. ಹಳಿ ಹಾಕಿದರೆ ಮಾರ್ಗವು ಎರಡೂಕಾಲು ಅಡಿಗೆ ಇಳಿಯುತ್ತದೆ. ಐರ್ಲೆಂಡಿನ ನ್ಯಾರೋಗೇಜ್ ಮಾರ್ಗಗಳು ಬಹುತೇಕ ಮೂರಡಿಯವು. ಅವುಗಳಿಗೆ ಇದೇ ಪ್ರಮಾಣದಲ್ಲಿ 12 ಮಿ.ಮೀ. ಹಳಿ ಒಪ್ಪುತ್ತದೆ. ಲೆಕ್ಕ ಏಳನೆಯ ತರಗತಿಯದು, ಆದರೆ ತಪ್ಪಿದರೆ ಇಡೀ ಮಾದರಿ ಸೊಟ್ಟಗಾಗುತ್ತದೆ.

ಐರ್ಲೆಂಡಿನಲ್ಲಿ ಇಂತಹ ಸಾರ್ವಜನಿಕ ಮಾರ್ಗಗಳಲ್ಲಿ ಕೊನೆಯದಾದ ವೆಸ್ಟ್ ಕ್ಲೇರ್ 1961ರಲ್ಲಿ ಮುಚ್ಚಿತು. ಟ್ರಲೀ–ಡಿಂಗಲ್ ಮಾರ್ಗದ, 1892ರಲ್ಲಿ ತಯಾರಾದ 5T ಎಂಜಿನ್ ಅಮೆರಿಕೆಗೆ ಹೋಗಿ, 1986ರಲ್ಲಿ ಸ್ವದೇಶಕ್ಕೆ ಮರಳಿತು. ಎಂಜಿನ್ನನ್ನು ಹೀಗೆ ಮರಳಿ ತರಬಹುದು. ಕೆಡವಿದ ನಿಲ್ದಾಣವನ್ನು ತರಲಾಗದು.

ಮಿರಜ–ಪಂಢರಾಪುರದ ನಡುವೆ ಕವಠೆ ಮಹಾಂಕಾಳ, ಜತ್ತ ರೋಡ್, ಸಾಂಗೋಲಾ ನಿಲ್ದಾಣಗಳಿವೆ. ಹಳೆಯ ಕಟ್ಟಡವೋ ಮೋರಿಯೋ ಕಂಡಲ್ಲಿ ಅದರ ಪಕ್ಕ ಅಡಿಗುರುತಿನ ಕೋಲನ್ನಿಟ್ಟು ಛಾಯಾಚಿತ್ರ ತೆಗೆಯಬೇಕು. ಬಾಗಿಲಿನ ಎತ್ತರ, ಕಂಬಗಳ ಅಂತರ, ಬಣ್ಣದ ಪದರಗಳು ಇವನ್ನು ಬರೆದಿಡಬೇಕು. ರೈಲ್ವೆ ಜಾಗದಲ್ಲಿ ಅಳೆಯುವ ಮುನ್ನ ಸ್ಟೇಷನ್ ಮಾಸ್ತರರ ಅನುಮತಿ ಪಡೆಯುವುದು ಅವಶ್ಯ.