ನಿಮಗಿದು ಗೊತ್ತೆ? ವಂಶವಾಹಿಗೆ ಅಂಟುವ ಮೀಥೈಲ್ ಗುರುತು

ಚರ್ಮದ ಕೋಶಕ್ಕೂ ಮಿದುಳಿನ ಕೋಶಕ್ಕೂ ಇರುವುದು ಒಂದೇ ಡಿಎನ್‌ಎ. ಕೆಲಸ ಮಾತ್ರ ಬೇರೆ ಬೇರೆ. ಯಾವ ವಂಶವಾಹಿ ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಮೀಥೈಲ್ ಗುಂಪಿನ ಪಾತ್ರ ದೊಡ್ಡದು.

ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಈ ಪುಟ್ಟ ಗುಂಪು ಡಿಎನ್‌ಎಯ ಸೈಟೋಸಿನ್ ಎಂಬ ಘಟಕಕ್ಕೆ ಅಂಟಿಕೊಳ್ಳುತ್ತದೆ. ಬಹುತೇಕ ಅದರ ಮುಂದೆಯೇ ಗ್ವಾನಿನ್ ಎಂಬ ಇನ್ನೊಂದು ಘಟಕ ಇರುವಲ್ಲಿ. ಮನುಷ್ಯರ ಡಿಎನ್‌ಎಯಲ್ಲಿ ಇಂಥ ಸುಮಾರು 2.8 ಕೋಟಿ ತಾಣಗಳಿದ್ದು, ಶೇ 70ರಿಂದ 80ರಷ್ಟಕ್ಕೆ ಮೀಥೈಲ್ ಅಂಟಿರುತ್ತದೆ. ಆದರೆ ಬಹಳಷ್ಟು ವಂಶವಾಹಿಗಳ ಆರಂಭದಲ್ಲಿ ಈ ತಾಣಗಳು ಒತ್ತೊತ್ತಾಗಿದ್ದೂ ಬರಿದಾಗಿರುತ್ತವೆ. ಅಲ್ಲಿ ಮೀಥೈಲ್ ತುಂಬಿಕೊಂಡಿತೋ, ವಂಶವಾಹಿ ಸಾಮಾನ್ಯವಾಗಿ ಮೌನ. ಸೋಜಿಗವೆಂದರೆ, ಚುರುಕಾಗಿ ದುಡಿಯುವ ವಂಶವಾಹಿಗಳ ಒಡಲಿನಲ್ಲಿ ಅದೇ ಮೀಥೈಲ್ ಹೇರಳವಾಗಿರುತ್ತದೆ!

ಗ್ಲಯೊಬ್ಲಾಸ್ಟೋಮ ಎಂಬ ಮಿದುಳಿನ ಕ್ಯಾನ್ಸರ್‌ನಲ್ಲಿ ವೈದ್ಯರು ಈ ಗುರುತನ್ನು ಪರೀಕ್ಷಿಸಿ ನೋಡುತ್ತಾರೆ. ಡಿಎನ್‌ಎಗೆ ಬಿದ್ದ ಪೆಟ್ಟನ್ನು ಸರಿಪಡಿಸುವ ಪ್ರೋಟೀನನ್ನು ಕೊಡುವುದು ಎಂಜಿಎಂಟಿ ಎಂಬ ವಂಶವಾಹಿ. ಗಡ್ಡೆಯ ಕೋಶಗಳಲ್ಲಿ ಅದರ ಆರಂಭಕ್ಕೆ ಮೀಥೈಲ್ ಅಂಟಿದ್ದರೆ ಆ ರಿಪೇರಿ ಕುಂಟುತ್ತದೆ. ಡಿಎನ್‌ಎಗೇ ಪೆಟ್ಟು ಕೊಡುವ ಟೆಮೊಜೊಲೊಮೈಡ್ ಔಷಧ ಅಂಥ ರೋಗಿಗಳಲ್ಲಿ ಹೆಚ್ಚು ಫಲ ಕೊಡುತ್ತದೆ.