ಒಮಾನಿನ ಬೆಳ್ಳಿ

ಚೀನೀಯರಿಗೆ ಜೇಡ್ ಶಿಲೆ ಸದ್ಗುಣದ ಗುರುತು. ನಾವಿರುವ ಒಮಾನಿನಲ್ಲಿ ಅಂಥ ಮಾನ ಬೆಳ್ಳಿಗಿತ್ತು. ಹೆಂಗಸರು ಕೊರಳಲ್ಲಿ ಧರಿಸುತ್ತಿದ್ದ 'ಹಿರ್ಜ್' ಒಂದು ರಕ್ಷೆ. ಬೆಳ್ಳಿಯ ಪುಟ್ಟ ಪೆಟ್ಟಿಗೆ, ಒಳಗೆ ಕುರಾನಿನ ವಾಕ್ಯ. ನಮ್ಮ ತಾಯಿತ, ಲಿಂಗದ ಕರಡಿಗೆಗಳನ್ನು ಕಂಡವರಿಗೆ ಅದು ಹೊಸದೆನಿಸದು.

ಅಕ್ಕಸಾಲಿಗರು 1780ರ ಇಸವಿ ಹೊತ್ತ ಮರಿಯಾ ತೆರೇಸಾ ನಾಣ್ಯಗಳನ್ನು ಕರಗಿಸಿ ಒಡವೆ ಮಾಡುತ್ತಿದ್ದರು. 1970ರವರೆಗೆ ಆ ನಾಣ್ಯವೂ ನಮ್ಮ ರಿಸರ್ವ್ ಬ್ಯಾಂಕಿನ ಗಲ್ಫ್ ರೂಪಾಯಿಯೂ ಇಲ್ಲಿ ಚಲಾವಣೆಯಲ್ಲಿದ್ದವು. ತೈಲದ ದುಡ್ಡು ಬಂದಂತೆ ವಧುಗಳು ಬಂಗಾರಕ್ಕೆ ಒಲಿದರು. ಹಳೆಯ ಬೆಳ್ಳಿ ಮತ್ರಾ, ನಿಜ್ವಾ ಪೇಟೆಗಳಿಗೋ ಮೂಸೆಗೋ ಹೋಯಿತು. ಗಂಡಸರ ಖಂಜರ್ ಮಾತ್ರ ಧ್ವಜದಲ್ಲೂ ಮದುವೆಯಲ್ಲೂ ಉಳಿದು, 2022ರಲ್ಲಿ ಯುನೆಸ್ಕೋ ಪಟ್ಟಿಯನ್ನೂ ಸೇರಿತು.

ನಮ್ಮ ಮನೆಗಳಲ್ಲೂ ಅಜ್ಜಿಯ ಬೆಳ್ಳಿ ಡಾಬು ಪೆಟ್ಟಿಗೆಯ ತಳದಲ್ಲಿರಬಹುದು. ಕರಗಿಸುವ ಮುನ್ನ, ಅದನ್ನು ಯಾರು, ಯಾವಾಗ ತೊಟ್ಟರೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳೋಣ.