ಒಂದೇ ಕ್ಯಾಪ್ಸೂಲಿನಲ್ಲಿ ಇಬ್ಬರು

“ಅಣ್ಣಾ, ಒರು ಪ್ಯಾನ್-ಡಿ ಕುಡುಂಗ.” ತಿರುಪ್ಪೂರಿನ ಮೆಡಿಕಲ್ ಶಾಪುಗಳ ಮುಂದೆ ಸಂಜೆ ಹೊತ್ತು ನಿಂತರೆ ಈ ಮಾತು ಕೇಳದೆ ಇರುವುದು ಕಷ್ಟ. ಬನಿಯನ್ ಕಂಪನಿಯಿಂದ ಹೊರಬಿದ್ದವರು, ಡೈಯಿಂಗ್ ಕೆಲಸದವರು, ಲಾರಿ ಡ್ರೈವರುಗಳು ಎಲ್ಲರೂ ಹೊಟ್ಟೆ ಉರಿಗೆ ಈ ಕ್ಯಾಪ್ಸೂಲ್ ಕೇಳುತ್ತಾರೆ. ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಕಡೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವ, ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರಿಗೂ ಹೊಟ್ಟೆ ಉರಿ ಹೊಸದಲ್ಲ. ಚೀಟಿ ಯಾರೂ ಕೇಳುವುದಿಲ್ಲ. ಮಾತ್ರೆಯ ಹಾಳೆಯ ಅಂಚಿಗೆ ಎಳೆದ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಬಾರದು ಎಂದು ಹೇಳುತ್ತಲೇ ಇರುತ್ತದೆ. ಆ ಗೆರೆಯ ಮೇಲೆಯೇ ಕತ್ತರಿ ಆಡಿಸಿ ಎರಡು ಕ್ಯಾಪ್ಸೂಲ್ ಕತ್ತರಿಸಿ ಕೊಡುತ್ತಾರೆ.

ಇಂಥದೊಂದು ಕ್ಯಾಪ್ಸೂಲನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಸುರಿದು ನೋಡಬೇಕು (ನೋಡುವುದಕ್ಕೆ ಮಾತ್ರ, ಆಮೇಲೆ ನುಂಗುವುದಕ್ಕಲ್ಲ). ಸಾಸಿವೆ ಗಾತ್ರದ ಕಾಳುಗಳು ಉರುಳಿ ಬೀಳುತ್ತವೆ. ಹಲವು ಕಂಪನಿಗಳ ಮಾಲಿನಲ್ಲಿ ಅವು ಎರಡು ಬಣ್ಣದವು. ಒಂದು ಬಗೆಯದರಲ್ಲಿ ಒಟ್ಟು 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್, ಇನ್ನೊಂದರಲ್ಲಿ 30 ಮಿಲಿಗ್ರಾಂ ಡೊಂಪೆರಿಡೋನ್. ಮೊದಲನೆಯದಕ್ಕೆ ಹೊಟ್ಟೆಯ ಹುಳಿಗೆ ಕರಗದ ಲೇಪ. ಎರಡನೆಯದನ್ನು ದಿನವಿಡೀ ಸ್ವಲ್ಪಸ್ವಲ್ಪವೇ ಬಿಡುವಂತೆ ಮಾಡಿರುತ್ತಾರೆ. ಹಾಳೆಯ ಮೇಲೆ ಹೆಸರು ಒಂದೇ ಆದರೂ ಒಳಗಿರುವವರು ಇಬ್ಬರು, ಅವರ ಕೆಲಸ ಬೇರೆ, ಅಪಾಯ ಬೇರೆ, ಎಷ್ಟು ದಿನ ಇರಬಹುದು ಎಂಬ ಲೆಕ್ಕವಂತೂ ಪೂರ್ತಿ ಬೇರೆ. ಇದನ್ನು ತಿಳಿಯದೆ ನುಂಗುವುದರಿಂದಲೇ ಮುಕ್ಕಾಲು ತೊಂದರೆ.

ಮೊದಲು ಪ್ಯಾಂಟೊಪ್ರಜೋಲಿನ ಕಥೆ. ಅದಕ್ಕೆ ಜಠರದ ಗೋಡೆಯೊಳಗೆ ಇಳಿಯಬೇಕು. ಅಲ್ಲಿ ಪೆರೈಟಲ್ ಎಂಬ ಕೋಶಗಳಿವೆ, ಅವುಗಳ ಪೊರೆಯಲ್ಲಿ ಕೂತಿರುವ ಪ್ರೋಟೀನ್ ಯಂತ್ರಕ್ಕೆ ಪ್ರೋಟಾನ್ ಪಂಪ್ ಎಂದು ಹೆಸರು. ಹಳೆ ಬಟ್ಟೆ ಇಸಕೊಂಡು ಸ್ಟೀಲ್ ಪಾತ್ರೆ ಕೊಡುವವನ ಹಾಗೆ ಇದರದೂ ವಿನಿಮಯದ ವ್ಯಾಪಾರ: ಒಂದು ಪೊಟ್ಯಾಸಿಯಂ ಅಯಾನನ್ನು ಒಳಗೆ ಎಳೆದುಕೊಂಡು ಒಂದು ಹೈಡ್ರೋಜನ್ ಅಯಾನನ್ನು ಹೊರಕ್ಕೆ ದಬ್ಬುತ್ತದೆ. ಪ್ರತಿ ವಹಿವಾಟಿಗೂ ಶಕ್ತಿ ಖರ್ಚು. ರಕ್ತದಲ್ಲಿರುವುದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ದಟ್ಟವಾಗಿ ಹೈಡ್ರೋಜನ್ ಅಯಾನುಗಳನ್ನು ಹೊರಗೆ ಒತ್ತರಿಸುವುದೆಂದರೆ ಹುಡುಗಾಟವೇ? ನಮ್ಮ ದೇಹದಲ್ಲಿ ಇಷ್ಟು ಕಡಿದಾದ ಏರು ಹತ್ತಿಸುವ ಪಂಪು ಇನ್ನೊಂದಿಲ್ಲ. ಹೀಗೆ ತಯಾರಾಗುವ ಹೈಡ್ರೋಕ್ಲೋರಿಕ್ ಆಮ್ಲ ಜಠರದೊಳಗೆ ಲೋಳೆಯ ಹೊದಿಕೆ ಇರುವತನಕ ಒಳ್ಳೆಯದೇ. ಮೇಲಕ್ಕೆ ಅನ್ನನಾಳಕ್ಕೆ ಚಿಮ್ಮಿದರೆ ಎದೆಯುರಿ, ಹೊದಿಕೆ ಹರಿದ ಜಾಗಕ್ಕೆ ತಾಗಿದರೆ ಹುಣ್ಣು.

1970ರ ದಶಕದಲ್ಲಿ ಜಾರ್ಜ್ ಸ್ಯಾಕ್ಸ್ ಮೊದಲಾದವರು ಈ ಪಂಪಿನ ಗುಟ್ಟು ಬಿಡಿಸಿದರು. ಅದನ್ನು ಕಟ್ಟಿಹಾಕುವ ಮೊದಲ ಔಷಧ ಒಮೆಪ್ರಜೋಲ್ 1988ರಲ್ಲಿ ಸ್ವೀಡನ್ನಿನ ಆಸ್ಟ್ರಾ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಅದರ ತಮ್ಮಂದಿರು.

ಈ ಬಳಗದ ಮದ್ದು ನುಂಗಿದ ಕೂಡಲೇ ಹೊಟ್ಟೆಯಲ್ಲಿ ಏನೂ ಮಾಡುವುದಿಲ್ಲ. ಲೇಪ ಹೊದ್ದು ಜಠರವನ್ನು ದಾಟುತ್ತದೆ, ಸಣ್ಣ ಕರುಳಿನಲ್ಲಿ ಕರಗಿ ರಕ್ತ ಸೇರುತ್ತದೆ, ರಕ್ತದ ಮೂಲಕ ಸುತ್ತಿಬಂದು ಪೆರೈಟಲ್ ಕೋಶದ ಹಿಂಬಾಗಿಲಿನಿಂದ ಒಳಹೊಗುತ್ತದೆ. ಪಂಪು ಆಮ್ಲ ಸುರಿಸುವ ಕಿರುಗಾಲುವೆಗೆ ಬಂದಾಗ ಅದೇ ಆಮ್ಲ ತಗುಲಿ ಮದ್ದಿನ ರೂಪ ಬದಲಾಗುತ್ತದೆ, ಪಂಪಿಗೆ ಕಚ್ಚಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ತನ್ನನ್ನು ಕೊಲ್ಲುವ ಆಯುಧವನ್ನು ಪಂಪು ತಾನೇ ಮಸೆದುಕೊಟ್ಟಂತಾಯಿತು. ರಕ್ತದಲ್ಲಿ ಈ ಮದ್ದು ಉಳಿಯುವುದು ಕೆಲವೇ ಗಂಟೆ, ಪರಿಣಾಮ ಮಾತ್ರ ಒಂದು ದಿನ ದಾಟುತ್ತದೆ. ಯಾಕೆಂದರೆ ಕೆಟ್ಟ ಪಂಪಿನ ಜಾಗಕ್ಕೆ ಕೋಶ ಹೊಸದನ್ನು ಕಟ್ಟಬೇಕು.

ಇದರಲ್ಲೇ ಒಂದು ಸೂಕ್ಷ್ಮ ಇದೆ. ಓಡುತ್ತಿರುವ ಪಂಪಿಗೆ ಮಾತ್ರ ಈ ಮದ್ದು ಕಚ್ಚಬಲ್ಲದು. ಹೊಟ್ಟೆ ಖಾಲಿ ಇದ್ದಾಗ ಬಹುಪಾಲು ಪಂಪುಗಳು ಕೋಶದೊಳಗೆ ಮಡಚಿಕೊಂಡು ಮಲಗಿರುತ್ತವೆ. ಊಟ ಬಿದ್ದಾಗ ಎದ್ದು ಪೊರೆಗೆ ಬರುತ್ತವೆ. ಆದ್ದರಿಂದಲೇ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಿ ಎನ್ನುವುದು. ಪಂಪು ಎದ್ದೇಳುವ ಹೊತ್ತಿಗೆ ಮದ್ದು ರಕ್ತದಲ್ಲಿ ಕಾದಿರಬೇಕು. ಬೆಳಿಗ್ಗೆ ಕ್ಯಾಪ್ಸೂಲ್ ನುಂಗಿ, ಕಂಪನಿ ವ್ಯಾನ್ ಬಂತೆಂದು ಬರೀ ಟೀ ಕುಡಿದು ಓಡಿ, ಮಧ್ಯಾಹ್ನ ಎರಡಕ್ಕೆ ಬುತ್ತಿ ಬಿಚ್ಚುವವರ ಮದ್ದು ಬಹುಮಟ್ಟಿಗೆ ದಂಡ. ತಿರುಪ್ಪೂರಿನಲ್ಲಿ ಒಂದೂವರೆ ಶಿಫ್ಟ್ ಮಾಮೂಲು, ಆರ್ಡರಿನ ಗಡುವು ಹತ್ತಿರ ಬಂದರೆ ರಾತ್ರಿಯೂ ಸೇರುತ್ತದೆ. ಅಂಥವರಿಗೆ ‘ಬೆಳಿಗ್ಗೆ’ ಅನ್ನುವುದು ಗಡಿಯಾರದ ಮಾತಲ್ಲ. ಮಲಗಿ ಎದ್ದ ಮೇಲಿನ ಮೊದಲ ಸರಿಯಾದ ಊಟ ಯಾವುದೋ ಅದರ ಮುಂಚೆ. ಜೊತೆಗೆ ಒಂದೇ ದಿನದಲ್ಲಿ ಪೂರ್ತಿ ಗುಣ ನಿರೀಕ್ಷಿಸಬಾರದು, ಮೂರು ದಿನವಾದರೂ ಬೇಕು. ಉರಿ ಎದ್ದಾಗ ಒಂದು, ತಣ್ಣಗಾದರೆ ಬಿಡು ಎಂಬ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದ ಮದ್ದಲ್ಲ. ಅಗಿಯುವುದು, ಪುಡಿ ಮಾಡುವುದು ಕೂಡದು. ಲೇಪ ಹೋದರೆ ಪ್ಯಾಂಟೊಪ್ರಜೋಲ್ ಜಠರದಲ್ಲೇ ಹಾಳಾಗುತ್ತದೆ, ದಿನವಿಡೀ ಬಿಡಬೇಕಾದ ಡೊಂಪೆರಿಡೋನ್ ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ.

ದಕ್ಷಿಣ ಭಾರತದ ಹೊಟ್ಟೆಹುಣ್ಣಿಗೆ ದೊಡ್ಡ ಚರಿತ್ರೆಯೇ ಇದೆ, ಅದರ ಒಂದು ಕೊಂಡಿ ಕೊಯಮತ್ತೂರಿನ ನೆತ್ತಿಯ ಮೇಲೆಯೇ ಸಿಗುತ್ತದೆ. ಮೆಟ್ಟುಪಾಳ್ಯದಿಂದ ಘಾಟಿ ಹತ್ತಿದರೆ ಕೂನೂರು. ಅಲ್ಲಿನ ಪೌಷ್ಟಿಕತೆಯ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ತಿರುವಾಂಕೂರಿನ ಬಡವರ ಮರಗೆಣಸಿನ ಊಟ ಹಾಕಿ ಸಾಕಿದಾಗ ಹಲವಕ್ಕೆ ಹೊಟ್ಟೆಯಲ್ಲಿ ಹುಣ್ಣಾಯಿತು. ಎವರೆಸ್ಟ್ ಏರಲು 1922 ಮತ್ತು 1924ರ ತಂಡಗಳಲ್ಲಿ ಹೋಗಿದ್ದ ಹೋವರ್ಡ್ ಸಾಮರ್‌ವೆಲ್ ಆಗ ತಿರುವಾಂಕೂರಿನ ನೆಯ್ಯೂರಿನಲ್ಲಿ ಸರ್ಜನ್ ಆಗಿದ್ದು, ಇದೇ ಹುಣ್ಣಿನ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಮಾಡಿ ದಣಿಯುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರಿನಲ್ಲಿ ನಾವು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ಥ್ ಆಸ್ಪತ್ರೆಯ ಸರ್ಜನ್ ಫ್ರಾಂಕ್ ಟೋವಿ ಊರೂರಿನ ಲೆಕ್ಕ ತೆಗೆದರು. ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಸಣ್ಣ ಕರುಳಿನ ಆರಂಭದ ಹುಣ್ಣು ಹೆಚ್ಚು, ಗೋಧಿ ಉಣ್ಣುವ ಉತ್ತರದಲ್ಲಿ ಕಡಿಮೆ ಎಂದು ಅವರಿಗೆ ಕಂಡಿತು. ಊಟದ ಮೇಲಿನ ಈ ಅನುಮಾನದಲ್ಲಿ ತಿರುಳಿಲ್ಲವೆಂದಲ್ಲ, ಆದರೆ ಮುಖ್ಯ ಅಪರಾಧಿ ಬೇರೆಯೇ ಇತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಜಠರದ ಲೋಳೆಯೊಳಗೆ ಬದುಕುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ನಂಬಲಿಲ್ಲವೆಂದು ಮಾರ್ಷಲ್ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹುಣ್ಣಿನ ಎರಡನೆಯ ದೊಡ್ಡ ಕಾರಣ ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫಿನಾಕ್, ಆಸ್ಪಿರಿನ್ ಮೊದಲಾದವು ನೋವು ಹುಟ್ಟಿಸುವ ರಾಸಾಯನಿಕವನ್ನು ತಡೆಯುವಾಗ ಜಠರದ ಲೋಳೆ ಕಟ್ಟುವ ರಾಸಾಯನಿಕವನ್ನೂ ತಡೆಯುತ್ತವೆ. ಹೊಲಿಗೆ ಮೆಷಿನ್ನಿನ ಮೇಲೆ ಬಗ್ಗಿ ಕೂತವರ ಕತ್ತು, ಮಗ್ಗದವರ ಸೊಂಟ, ಇಸ್ತ್ರಿ ಮಾಡುವವರ ಮಂಡಿ ಎಲ್ಲಕ್ಕೂ ಇವೇ. ತಮಿಳುನಾಡಿನ ಗಾರ್ಮೆಂಟ್ ಉದ್ಯಮದ ಸುಮಾರು ನೂರು ಹೆಣ್ಣುಮಕ್ಕಳನ್ನು ಮಾತಾಡಿಸಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ 2019ರಲ್ಲಿ ವರದಿ ಮಾಡಿತ್ತು: ಮುಟ್ಟಿನ ನೋವಿಗೆಂದು ಕೆಲಸದ ಜಾಗದಲ್ಲೇ ಹೆಸರಿಲ್ಲದ ಗುಳಿಗೆ ಕೊಡುತ್ತಿದ್ದರು. ನುಂಗಿದವರಿಗೇ ಹೆಸರು ಗೊತ್ತಿಲ್ಲದ ಗುಳಿಗೆಯ ಬಗ್ಗೆ ವೈದ್ಯರು ಕೇಳಿದರೆ ಏನು ಹೇಳಿಯಾರು? ಒಂದು ಕಡೆ ನೋವಿನ ಮಾತ್ರೆ ನಡೆಸಿಕೊಂಡು ಇನ್ನೊಂದು ಕಡೆ ಹೊಟ್ಟೆಯ ಕ್ಯಾಪ್ಸೂಲ್ ನುಂಗುವವರು ಈ ಎರಡು ಜಿಲ್ಲೆಗಳಲ್ಲಿ ಕಡಿಮೆಯಿಲ್ಲ, ಬೆಂಗಳೂರಿನ ಪೀಣ್ಯದಲ್ಲೂ ಕಡಿಮೆಯಿಲ್ಲ.

ಈಗ ಎರಡನೆಯವನು, ಡೊಂಪೆರಿಡೋನ್. ಬೆಲ್ಜಿಯಮ್ಮಿನ ಜಾನ್ಸೆನ್ ಪ್ರಯೋಗಾಲಯದಲ್ಲಿ 1974ರಲ್ಲಿ ಹುಟ್ಟಿದ ಇದು ವಾಂತಿಯ ಮದ್ದು. ಡೋಪಮಿನ್ನಿನ ಒಂದು ಬಗೆಯ ಗ್ರಾಹಕವನ್ನು ಮುಚ್ಚಿ ವಾಕರಿಕೆ ನಿಲ್ಲಿಸುತ್ತದೆ, ಜಠರವನ್ನು ಚುರುಕಾಗಿ ಕೆಳಗೆ ಖಾಲಿ ಮಾಡಿಸುತ್ತದೆ. ಮೇಲೆ ಚಿಮ್ಮುವ ಹುಳಿ ಇದರಿಂದ ತಗ್ಗೀತು ಎಂಬ ಆಸೆಯಿಂದ ಪ್ಯಾಂಟೊಪ್ರಜೋಲಿನ ಜೊತೆ ಒಂದೇ ಕವಚಕ್ಕೆ ತುಂಬಿದರು. ಹುಣ್ಣು ಮಾಯಿಸುವುದರಲ್ಲಿ ಇದರ ಪಾತ್ರ ಏನೂ ಇಲ್ಲ. ಹುಣ್ಣಿಗೆ ಬೇಕಾದ್ದು ಪಂಪಿನ ಮದ್ದು, ಅದೂ ನಾಲ್ಕರಿಂದ ಎಂಟು ವಾರ.

ಎಂಟು ವಾರ ಡೊಂಪೆರಿಡೋನ್ ಕೂಡ ಜೊತೆಗೆ ನಡೆದರೆ? ಹೃದಯದ ಪ್ರತಿ ಬಡಿತದ ನಂತರ ಅದರ ಕೋಶಗಳು ಪೊಟ್ಯಾಸಿಯಮ್ಮನ್ನು ಹೊರಬಿಟ್ಟು ಮುಂದಿನ ಬಡಿತಕ್ಕೆ ಸಜ್ಜಾಗುತ್ತವೆ. ಆ ಹೊರದಾರಿಯನ್ನು ಡೊಂಪೆರಿಡೋನ್ ಸ್ವಲ್ಪ ಮುಚ್ಚುತ್ತದೆ. ಸಜ್ಜಾಗುವುದು ತಡವಾಗುತ್ತದೆ, ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುತ್ತದೆ. ಬಹುತೇಕರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಲಯ ತಪ್ಪಿ ಎದೆಬಡಿತ ನಿಂತೂ ಹೋಗಬಹುದು. ಇದರ ಇಂಜೆಕ್ಷನ್ನನ್ನು 1980ರ ದಶಕದಲ್ಲೇ ಈ ಕಾರಣಕ್ಕೆ ಹಿಂತೆಗೆದುಕೊಂಡರು. ಅಮೆರಿಕದಲ್ಲಿ ಡೊಂಪೆರಿಡೋನಿಗೆ ಇವತ್ತಿಗೂ ಮಾನ್ಯತೆ ಇಲ್ಲ. ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಎದೆಯುರಿ, ಹೊಟ್ಟೆಯುಬ್ಬರಕ್ಕೆ ಇದನ್ನು ಕೊಡುವುದನ್ನೇ ನಿಲ್ಲಿಸಿ, ವಾಕರಿಕೆ ಮತ್ತು ವಾಂತಿಗೆ ಮಾತ್ರ ಎಂದಿತು: ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರಬಾರದು, ಸಾಮಾನ್ಯವಾಗಿ ಒಂದು ವಾರ ದಾಟಬಾರದು. ನಮ್ಮ ಕ್ಯಾಪ್ಸೂಲಿನಲ್ಲಿ ಒಂದಕ್ಕೇ 30. ಬೆಳಿಗ್ಗೆ ಒಂದು, ರಾತ್ರಿ ಬಿರಿಯಾನಿ ಉಂಡು ಉರಿ ಎದ್ದಿತೆಂದು ಇನ್ನೊಂದು ನುಂಗಿದರೆ ಆ ಮಿತಿಯ ಎರಡರಷ್ಟಾಯಿತು.

60 ದಾಟಿದವರು, ಹೃದಯದ ತೊಂದರೆ ಇರುವವರು, ಬಿಪಿಗೆಂದು ಉಚ್ಚೆ ಹೋಗಿಸುವ ಮಾತ್ರೆ ತಿನ್ನುವವರು ಇನ್ನೂ ಹುಷಾರಾಗಿರಬೇಕು. ಯಾಕೆಂದು ಕೇಳಿದರೆ ಇಲ್ಲಿ ಇಬ್ಬರು ಸಂಗಾತಿಗಳೂ ಒಂದೇ ಕಡೆ ಕೈಜೋಡಿಸುತ್ತಾರೆ. ಪಂಪಿನ ಮದ್ದನ್ನು ತಿಂಗಳುಗಟ್ಟಲೆ ತಿಂದರೆ ಕೆಲವರಲ್ಲಿ ರಕ್ತದ ಮೆಗ್ನೀಸಿಯಂ ಇಳಿಯುತ್ತದೆ. ಉಚ್ಚೆಯ ಮಾತ್ರೆ ಅದನ್ನೂ ಪೊಟ್ಯಾಸಿಯಮ್ಮನ್ನೂ ಕಳೆಯುತ್ತದೆ. ಇವೆರಡೂ ಕಡಿಮೆಯಾದ ಹೃದಯದ ಮೇಲೆಯೇ ಡೊಂಪೆರಿಡೋನ್ ಕೂರುವುದು. ಹೆಣ್ಣುಮಕ್ಕಳಲ್ಲಿ ಇನ್ನೊಂದು ಉಪದ್ರವ ಇದೆ. ಡೊಂಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತದೆ. ಮುಟ್ಟು ಏರುಪೇರಾಗಬಹುದು, ಬಾಣಂತಿ ಅಲ್ಲದವರಿಗೂ ಎದೆಯಲ್ಲಿ ಹಾಲು ಒಸರಬಹುದು. ಇದಕ್ಕೆಂದು ಸ್ಕ್ಯಾನ್ ಮಾಡಿಸುವ ಮುಂಚೆ ಚೀಲದಲ್ಲಿರುವ ಕ್ಯಾಪ್ಸೂಲಿನ ಹಾಳೆಯನ್ನು ವೈದ್ಯರಿಗೆ ತೋರಿಸಿದರೆ ಎಷ್ಟೋ ಖರ್ಚು ಉಳಿದೀತು.

ನನಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಹುಟ್ಟಿಸುವ ಜೋಡಿ ಬೇರೆ. ಪೈಲೋರಿ ಇದೆ ಎಂದು ಗೊತ್ತಾದವರಿಗೆ ಸಾಮಾನ್ಯವಾಗಿ ಎರಡು ವಾರದ ಚಿಕಿತ್ಸೆ: ಪಂಪಿನ ಮದ್ದು, ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್. ಕ್ಲಾರಿಥ್ರೊಮೈಸಿನ್ ಲಿವರಿನಲ್ಲಿ ಡೊಂಪೆರಿಡೋನನ್ನು ಕರಗಿಸುವ ಕಿಣ್ವವನ್ನು ಅಡಗಿಸುತ್ತದೆ, ಜೊತೆಗೆ ತಾನೂ ಕ್ಯೂಟಿಯನ್ನು ಉದ್ದ ಮಾಡುತ್ತದೆ. ಈ ಎರಡನ್ನು ಒಟ್ಟಿಗೆ ಕೊಡಲೇಬಾರದು. ಚೀಟಿಯಲ್ಲಿ ಬರೆದದ್ದು ಬರೀ ಪ್ಯಾಂಟೊಪ್ರಜೋಲ್ ಆಗಿದ್ದು, ಅಂಗಡಿಯವರು “ಅದಿಲ್ಲ, ಇದೂ ಒಂದೇ” ಎಂದು ‘ಡಿ’ ಇರುವುದನ್ನು ಕೈಗಿಟ್ಟರೆ ಅಪಾಯ ಮನೆಗೆ ಬಂದಂತೆ. ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್, ಗಂಟಲು ನೋವಿಗೆ ಕೊಡುವ ಅಜಿಥ್ರೊಮೈಸಿನ್ ಕೂಡ ಇದೇ ಗುಂಪಿನ ಎಚ್ಚರಿಕೆಗೆ ಸೇರಿದವು. ಪೈಲೋರಿ ಪರೀಕ್ಷೆಗೆ ಇನ್ನೊಂದು ತೊಡಕು: ಎರಡು ವಾರ ಮುಂಚೆಯೇ ಪಂಪಿನ ಮದ್ದು ನಿಲ್ಲಿಸಿರಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದರೂ ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ ಇಲ್ಲವೆನ್ನಬಹುದು. ಅಂಗಡಿಯಿಂದ ತಾವೇ ತಂದು ನುಂಗಿದ್ದನ್ನು ಲ್ಯಾಬಿನಲ್ಲಿ ಯಾರೂ ಹೇಳುವುದಿಲ್ಲ, ಕೇಳುವವರೂ ಕಡಿಮೆ.

ನಿಲ್ಲಿಸುವಾಗಿನ ಪೇಚು ಒಂದಿದೆ. ಆಮ್ಲ ಇಲ್ಲವೆಂದು ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸಿಕೊಂಡು ಆಮ್ಲ ತಯಾರಿಗೆ ತುದಿಗಾಲಲ್ಲಿ ಕಾಯುತ್ತಿರುತ್ತದೆ. ಮದ್ದು ಬಿಟ್ಟ ಕೂಡಲೇ ಹುಳಿ ಮೊದಲಿಗಿಂತ ಜೋರಾಗಿ ಬರುತ್ತದೆ. ಡೆನ್ಮಾರ್ಕಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಈ ಬಗೆಯ ಮದ್ದು ಕೊಟ್ಟು ನಿಲ್ಲಿಸಿದರು. ಅವರಲ್ಲಿ ಶೇ. 44 ಮಂದಿಗೆ ಹುಳಿಯ ತೊಂದರೆ ಕಾಣಿಸಿತು, ಸುಳ್ಳು ಮಾತ್ರೆ ತಿಂದವರಲ್ಲಿ ಶೇ. 15ಕ್ಕೆ ಮಾತ್ರ. “ಬಿಟ್ಟರೆ ಆಗೋದೇ ಇಲ್ಲ” ಎಂದು ವರ್ಷಗಟ್ಟಲೆ ನುಂಗುವವರಲ್ಲಿ ಹಲವರು ಸಿಕ್ಕಿಬಿದ್ದಿರುವುದು ಈ ಸುಳಿಯಲ್ಲಿ. ವೈದ್ಯರ ಮಾತಿನಂತೆ ಪ್ರಮಾಣ ಇಳಿಸುತ್ತ, ದಿನ ಬಿಟ್ಟು ದಿನ ಮಾಡುತ್ತ ಬಿಡಬೇಕು. ಆ ಕೆಲವು ವಾರ ಸಾಮಾನ್ಯ ಆಂಟಾಸಿಡ್ ದ್ರವ ಸಾಕಾಗುತ್ತದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇದ್ದರೆ ಅರ್ಧ ಮದ್ದಿನ ಕೆಲಸ ಅದೇ ಮಾಡುತ್ತದೆ, ಓವರ್‌ಟೈಮ್ ಮುಗಿಸಿ ಹತ್ತಕ್ಕೆ ಬಂದು ಐದಕ್ಕೆ ಏಳುವವರಿಗೆ ಆ ಸಲಹೆ ಕೊಡುವುದು ಸುಲಭವಲ್ಲ ಎಂಬುದೂ ಗೊತ್ತು.

ಕ್ಯಾಪ್ಸೂಲಿಗೆ ಒಪ್ಪಿಸಿ ಕಾಯಬಾರದ ಸಂದರ್ಭಗಳೂ ಇವೆ. ಎದೆಯುರಿಯ ಜೊತೆ ಬೆವರು, ಎಡಗೈಗೋ ದವಡೆಗೋ ಹಬ್ಬುವ ನೋವು, ನಡೆದಾಗ ಹೆಚ್ಚುವ ಹಿಂಡುವಿಕೆ ಇದ್ದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರದೆ ಇಸಿಜಿ ಮಾಡಿಸಬೇಕು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಫಿ ಚರಟದಂಥ ವಾಂತಿ ಕಂಡರೆ ಎಂಡೋಸ್ಕೋಪಿ. ಕೊಯಮತ್ತೂರಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಇದೆ, ಜಠರ ಕರುಳಿಗೆಂದೇ ಇರುವ ಆಸ್ಪತ್ರೆಗಳೂ ಇವೆ. ಮಲ ಕಪ್ಪಾದರೆ ಮಾತ್ರ ಸ್ವಲ್ಪ ವಿವೇಚನೆ ಬೇಕು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಆದರೆ ಅದು ಗಟ್ಟಿಯಾಗಿ, ಹಸಿರುಗಪ್ಪಾಗಿ ಇರುತ್ತದೆ. ಹುಣ್ಣಿನಿಂದ ರಕ್ತ ಸೋರಿದ್ದರೆ ಅದು ಟಾರಿನ ಹಾಗೆ ಮಿರುಗುತ್ತದೆ, ಬೇಸಿನ್ನಿಗೆ ಅಂಟಿಕೊಳ್ಳುತ್ತದೆ, ಸಹಿಸಲಾಗದ ವಾಸನೆ ಬರುತ್ತದೆ. ಅದು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು, ಹೋಗುವಾಗ ಆ ವಾರ ನುಂಗಿದ ನೋವಿನ ಗುಳಿಗೆಯ ಖಾಲಿ ಹಾಳೆಯನ್ನೂ ಜೊತೆಗೆ ಒಯ್ಯಬೇಕು.